ಕಿವಿಗೆ ಆಟ ಕಾಣಿಸಬೇಡವೇ?

ಕಳೆದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಒಂದು ಮಾತು ಆಡಿದರು: “ಕ್ರಿಕೆಟ್ಟನ್ನು ಕನ್ನಡದಲ್ಲಿ ಹಾಕಿದರೆ ನಮ್ಮ ಮನೆಯಲ್ಲಿ ಎಲ್ಲರೂ ನಗ್ತಾರೆ ಸ್ವಾಮಿ. ಎರಡು ಓವರು ನೋಡಿ ಇಂಗ್ಲಿಷಿಗೆ ತಿರುಗಿಸಿಬಿಡ್ತೀವಿ.” ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನಾವೂ ನಕ್ಕೆವು, ಸುಳ್ಳೇಕೆ ಹೇಳಬೇಕು? ಮನೆಗೆ ಬಂದ ಮೇಲೆ ಮಾತ್ರ ಆ ನಗು ನಮ್ಮನ್ನು ಮಲಗಗೊಡಲಿಲ್ಲ. ಅಂದು ಬೆಳಿಗ್ಗೆ ತಾಯಿ ಭುವನೇಶ್ವರಿಯ ಪಟಕ್ಕೆ ಹೂವಿನ ಹಾರ ಹಾಕಿದ ಕೈಗಳೇ ರಾತ್ರಿ ರಿಮೋಟಿನ ಗುಂಡಿ ಒತ್ತಿ ಕನ್ನಡವನ್ನು ಹೊರಗೆ ಕಳಿಸುತ್ತಿವೆ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಹಾಗೆ ಕಳಿಸುವವರನ್ನು ಪೂರ್ತಿಯಾಗಿ ದೂಷಿಸಲೂ ನಮಗೆ ಬಾಯಿ ಬರುವುದಿಲ್ಲ.

ಆದ್ದರಿಂದ ಈ ಲೇಖನದಲ್ಲಿ ನಮ್ಮ ಜಗಳ ಇಬ್ಬರ ಮೇಲೆ. ಕನ್ನಡದಲ್ಲಿ ಆಟ ಹೇಳಲು ಬರುವುದಿಲ್ಲವೆಂದು ನಗುವವರು ಒಬ್ಬರು. ಆಟ ಹೇಳುವ ಕೆಲಸಕ್ಕೆ ಕೂತು, ಆಟವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕೂಗಿ ಹೇಳುವವರು ಇನ್ನೊಬ್ಬರು. ಎರಡನೆಯವರೇ ಮೊದಲನೆಯವರನ್ನು ಹುಟ್ಟಿಸುತ್ತಿದ್ದಾರೆಂಬುದು ನಮ್ಮ ಖಚಿತ ಅಭಿಪ್ರಾಯ.

“ಕ್ರಿಕೆಟ್ ಕಾಮೆಂಟರಿಗೆ ಇಷ್ಟೊಂದು ಗಲಾಟೆಯೇ?” ಎಂದು ಕೇಳುವವರು ಇದ್ದಾರೆ. ಬೆಂಗಳೂರಿನಲ್ಲಿ ಕೂತವರು ಹಾಗೆ ಕೇಳಿದರೆ ಸರಿ. ವಿಶಾಖಪಟ್ಟಣದಲ್ಲೂ ವಿಜಯವಾಡದಲ್ಲೂ ಸಂಸಾರ ಹೂಡಿದ ನಾವು ಕೇಳುವಂತಿಲ್ಲ. ಉಕ್ಕಿನ ಕಾರ್ಖಾನೆಗೆ, ಬಂದರಿಗೆ, ನೌಕಾದಳಕ್ಕೆ ಬಂದವರು ಇಲ್ಲಿದ್ದೇವೆ. ಉಡುಪಿ ಹೋಟೆಲಿನ ಗಲ್ಲದ ಮೇಲೆ ಕೂತವರು ಅಲ್ಲಿದ್ದಾರೆ. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಶನ್ ಬ್ಯಾಂಕುಗಳ ವರ್ಗಾವಣೆ ಆದೇಶ ಹಿಡಿದು ಬಂದು ಇಲ್ಲೇ ಬೇರುಬಿಟ್ಟವರು ಎರಡೂ ಕಡೆ ಇದ್ದಾರೆ. (ಆ ನಾಲ್ಕರಲ್ಲಿ ಮೂರು ಬ್ಯಾಂಕುಗಳ ಹೆಸರೇ 2019 ಮತ್ತು 2020ರ ವಿಲೀನಗಳಲ್ಲಿ ಅಳಿಸಿಹೋಯಿತು, ನಾವು ಮಾತ್ರ ಉಳಿದಿದ್ದೇವೆ.) ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು. ಮನೆಯಲ್ಲಿ ಸಿಗುವ ಕನ್ನಡವೆಂದರೆ “ಸ್ನಾನ ಮಾಡು, ಊಟಕ್ಕೆ ಬಾ, ಫೋನು ಕೆಳಗಿಡು” ಎಂಬ ಆಜ್ಞಾರ್ಥಕ ಕನ್ನಡ. ಇಂಥ ಮಗು ತಾನಾಗಿ ಇಷ್ಟಪಟ್ಟು, ಯಾರ ಬಲವಂತವೂ ಇಲ್ಲದೆ, ಮೂರೂವರೆ ಗಂಟೆ ಒಂದೇ ಕಡೆ ಕೂತು ದೊಡ್ಡವರ ಮಾತು ಕೇಳುವ ಸಂದರ್ಭ ಇಡೀ ವರ್ಷದಲ್ಲಿ ಯಾವುದು? ಸಂಘದ ಕನ್ನಡ ತರಗತಿಯೇ? ಭಾನುವಾರದ ಆ ತರಗತಿಗೆ ಎಷ್ಟು ಮಕ್ಕಳು ಬರುತ್ತಾರೆಂಬುದು ನಮಗೂ ಗೊತ್ತು, ನಿಮಗೂ ಗೊತ್ತು. ಐಪಿಎಲ್ ಪಂದ್ಯವೊಂದೇ ಅಂಥ ಸಂದರ್ಭ.

2018ರ ಐಪಿಎಲ್‌ನಿಂದ ಟೀವಿಯಲ್ಲಿ ಕನ್ನಡ ವಿವರಣೆ ಬಂದಾಗ ನಾವು ಪಟ್ಟ ಸಂತೋಷ ಅಷ್ಟಿಷ್ಟಲ್ಲ. ಊರಿನಿಂದ ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ, ಡಿಶ್ಶಿನ ತಟ್ಟೆಯಿಂದ ಕನ್ನಡ ಇಳಿಯಿತು. 1999ರಲ್ಲಿ ನೈರೋಬಿಯಲ್ಲಿ ಸರಣಿಶ್ರೇಷ್ಠರಾದ ವಿಜಯ್ ಭಾರದ್ವಾಜ್, ಕಡೂರಿನಿಂದ ಹೊರಟು 2017ರ ವಿಶ್ವಕಪ್ ಫೈನಲ್ ಆಡಿದ ವೇದಾ ಕೃಷ್ಣಮೂರ್ತಿ ಇಂಥವರು ನಮ್ಮ ಭಾಷೆಯಲ್ಲಿ ಆಟದ ಒಳಮರ್ಮ ಹೇಳುತ್ತಾರೆಂದರೆ ಅದು ಸಣ್ಣ ಮಾತಲ್ಲ. ಆಡಿ ಬಂದವರ ಮೇಲೆ ನಮ್ಮ ದೂರಿಲ್ಲ. ದೂರಿರುವುದು ಚೆಂಡು ಚೆಂಡಿಗೂ ಆಟವನ್ನು ನಡೆಸಿಕೊಂಡು ಹೋಗಬೇಕಾದ ಆ ಮುಖ್ಯ ಕೆಲಸದ ಬಗ್ಗೆ. ವಾಹಿನಿಗಳ ಹೆಸರು, ಮಾತಾಡಿದವರ ಹೆಸರು ನಮಗೆ ಬೇಡ, ಕೇಳಿದವರಿಗೆಲ್ಲ ತಿಳಿದದ್ದೇ. ಬೌಲರ್ ಓಡಿಬರುವಾಗ ಒಂದು ಸಿನಿಮಾ ಡೈಲಾಗು. ಚೆಂಡು ಬ್ಯಾಟಿಗೆ ತಗುಲಿದಾಗ “ಹೊಡೆದ, ಹೊಡೆದ, ಹೊಡೆದೇಬಿಟ್ಟ!” ಗಡಿ ದಾಟಿದಾಗ “ಬೆಂಕಿ ಗುರೂ!”, ಇಲ್ಲವೆ “ಬಾಲು ಹೋಗಿ ಬಿತ್ತು ಶಿವಮೊಗ್ಗದಲ್ಲಿ!” ಆಮೇಲೆ ಆ ಸಿಕ್ಸರಿಗೂ ಒಂದು ಕಂಪನಿಯ ಹೆಸರು. ಪ್ರಾಸ ಸಿಕ್ಕಿದರೆ ಮುಗಿಯಿತು, ಮುಂದಿನ ಎರಡು ಎಸೆತ ಆ ಪ್ರಾಸದ ಮೆರವಣಿಗೆಯಲ್ಲೇ ಕಳೆದುಹೋಗುತ್ತವೆ. ಯಾರು ಎಸೆದರು? ಚೆಂಡು ಎಲ್ಲಿ ಬಿತ್ತು? ಯಾವ ಮೂಲೆಯಲ್ಲಿ ಕಾವಲಿರಲಿಲ್ಲ? ಕೇಳಬೇಡಿ.

ನಮ್ಮ ಮನೆಯ ಒಬ್ಬ ಮೊಮ್ಮಗ, ಏಳನೆಯ ತರಗತಿಯವನು, ಕನ್ನಡ ಹಾಕೆಂದು ನಾವು ಹಟ ಹಿಡಿದಾಗ ಬಹಳ ಮರ್ಯಾದೆಯಿಂದಲೇ ಹೇಳಿದ: “ತಾತಾ, ಇವರು ಮಜಾ ಮಾಡ್ತಾರೆ, ಆಟ ಹೇಳಲ್ಲ. ನನಗೆ ಆಟ ಗೊತ್ತಾಗಬೇಕು.” ಆ ಹುಡುಗನಿಗೆ ಕನ್ನಡದ ಮೇಲೆ ತಿರಸ್ಕಾರವಿದ್ದರೆ ಕಿವಿ ಹಿಂಡಬಹುದಿತ್ತು. ಅವನಿಗಿರುವುದು ಆಟದ ಮೇಲಿನ ಗೌರವ. ಅದಕ್ಕೆ ಏನು ಉತ್ತರ ಕೊಡುವುದು?

ಈ ಕೆಲಸ ಎಷ್ಟು ಕಷ್ಟದ್ದೆಂಬುದನ್ನು ನಾವು ಮೈಮುಟ್ಟಿ ತಿಳಿದಿದ್ದೇವೆ. ಗೇಲಿ ಮಾಡಲು ಹೊರಟವರಲ್ಲ. 2019ರ ಅಕ್ಟೋಬರ್ 2ರಿಂದ ಇಲ್ಲಿಯ ಪೋತಿನಮಲ್ಲಯ್ಯಪಾಳೆಂ ಮೈದಾನದಲ್ಲಿ ದಕ್ಷಿಣ ಆಫ್ರಿಕದ ಮೇಲೆ ಟೆಸ್ಟ್ ಪಂದ್ಯ ನಡೆಯಿತು. ಬೆಂಗಳೂರಿನ ಮಯಂಕ್ ಅಗರವಾಲ್ ಭಾರತದ ನೆಲದಲ್ಲಿ ಆಡಿದ ಮೊದಲ ಟೆಸ್ಟು ಅದು. ನಾವು ನಾಲ್ಕು ಜನ ಹೋಗಿದ್ದೆವು. ವಿಜಯವಾಡದಲ್ಲಿರುವ ನಮ್ಮ ಹಿರಿಯರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ರಾಯರು ಎಂದಷ್ಟೇ ಕರೆಯೋಣ, ಗ್ಲಾಕೋಮಾದಿಂದ ಎರಡೂ ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದಾರೆ. ಎರಡನೆಯ ದಿನ ಮಯಂಕ್ ನೂರು ದಾಟಿದಾಗ ಉತ್ಸಾಹ ತಡೆಯದೆ ಅವರಿಗೆ ಫೋನು ಮಾಡಿದೆವು.

“ಸಾರ್, ಮಯಂಕ್ ಇನ್ನೊಂದು ಫೋರ್ ಹೊಡೆದ!”

“ಎಲ್ಲಿಗೆ?”

“ಆ ಕಡೆಗೆ ಸಾರ್.”

“ಆ ಕಡೆ ಅಂದರೆ ಯಾವ ಕಡೆಯಪ್ಪಾ? ನನಗೆ ಆ ಕಡೆ ಈ ಕಡೆ ಎರಡೂ ಒಂದೇ.”

ನಾವು ತಬ್ಬಿಬ್ಬಾದೆವು. ಎದುರಿಗೆ ಹಸಿರು ಮೈದಾನ, ಅದರಾಚೆ ಗುಡ್ಡ, ಬಿಸಿಲು, ಇಪ್ಪತ್ತೆರಡು ಗಜದ ಪಟ್ಟಿಯಲ್ಲಿ ನಡೆಯುತ್ತಿದ್ದುದೆಲ್ಲ ಕಣ್ಣಿಗೆ ನಿಚ್ಚಳ. ಬಾಯಿಗೆ ಮಾತ್ರ “ಆ ಕಡೆ” ಎಂಬ ಎರಡು ಪದ. ರಾಯರೇ ಪಾಠ ಹೇಳಿದರು: “ಮೊದಲು ಯಾರು ಬೌಲಿಂಗ್ ಅಂತ ಹೇಳು. ಆಮೇಲೆ ಬಾಲು ಎಲ್ಲಿ ಬಿತ್ತು ಹೇಳು. ಆಮೇಲೆ ಇವನು ಮುಂದೆ ಬಂದನೋ ಹಿಂದೆ ಸರಿದನೋ ಹೇಳು. ಬಾಲು ಹೋದ ದಾರಿಯಲ್ಲಿ ಯಾರು ನಿಂತಿದ್ದರು ಹೇಳು. ಖುಷಿ ಪಡೋದು ನನಗೆ ಬಿಡು.” ಹೀಗೆ ಸರದಿಯ ಮೇಲೆ ನಾವು ನಾಲ್ವರೂ ಫೋನು ಹಿಡಿದು ಆಟ ಹೇಳಿದೆವು. ಮಯಂಕ್ 371 ಎಸೆತಗಳಲ್ಲಿ 215 ಮಾಡಿ ಎಲ್ಗರ್ ಅವರ ಎಸೆತದಲ್ಲಿ ಪೀಟ್ ಅವರಿಗೆ ಕ್ಯಾಚಿತ್ತು ಹೋಗುವ ಹೊತ್ತಿಗೆ ನಮ್ಮ ಗಂಟಲು ಒಣಗಿತ್ತು, ರಾಯರು ಮಾತ್ರ “ಈಗ ಸ್ವಲ್ಪ ಕಾಣಿಸ್ತಾ ಇದೆ” ಎಂದರು. ಅವತ್ತಿನಿಂದ ಈ ಕಸುಬಿನ ಬಗ್ಗೆ ನಮಗೆ ಭಯಭಕ್ತಿ.

ರಾಯರು ಹೇಳಿದ ಪಾಠ ಹೊಸದೇನಲ್ಲ. 1927ರ ಜನವರಿಯಲ್ಲಿ ಬಿಬಿಸಿ ಮೊದಲ ಬಾರಿಗೆ ರಗ್ಬಿ ಪಂದ್ಯವೊಂದನ್ನು ರೇಡಿಯೋದಲ್ಲಿ ಬಿತ್ತರಿಸಿದಾಗ, ವಿವರಣೆಗಾರ ವೇಕ್‌ಲಮ್ ಅವರ ಮುಂದೆ ಒಬ್ಬ ಅಂಧ ರಗ್ಬಿಪ್ರೇಮಿಯನ್ನು ಕೂರಿಸಿ, ಇವರಿಗೆ ಹೇಳುವಂತೆ ಹೇಳಿ ಎಂದಿದ್ದರಂತೆ. ನಮ್ಮವರು ಕೂಡಲೇ “ಸಂಜಯ!” ಎನ್ನುತ್ತಾರೆ. ಹೌದು, ಕುರುಡ ರಾಜನಿಗೆ ಯುದ್ಧ ಹೇಳಿದವನು ಸಂಜಯ. ಭೀಷ್ಮರು ಬಿದ್ದ ಮೇಲೆ, ಹತ್ತು ದಿನದ ಕಾಳಗ ಕಳೆದು ಬಂದು ಹೇಳತೊಡಗಿದ್ದರಿಂದ ಅದನ್ನು ನೇರಪ್ರಸಾರ ಎನ್ನುವುದಕ್ಕಿಂತ ಮರುಪ್ರಸಾರ ಎನ್ನುವುದೇ ಸರಿ. ಆ ತಕರಾರು ಇರಲಿ. ನಮಗೆ ಮುಖ್ಯವೆನಿಸುವುದು ಬೇರೊಂದು. ಸಂಜಯ ಉಂಡದ್ದು ಕೌರವರ ಮನೆಯ ಅನ್ನ. ಆದರೂ ಕೌರವರು ಸೋಲುತ್ತಿದ್ದಾಗ ಸೋಲುತ್ತಿದ್ದಾರೆಂದೇ ಹೇಳಿದ. “ಈ ಸಲ ಕಪ್ ನಮ್ದೇ” ಎಂದು ಹದಿನೆಂಟು ದಿನವೂ ಕೂಗಿಕೊಂಡು ಕೂರಲಿಲ್ಲ. ಬೆಂಗಳೂರು ತಂಡ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ಓಟಗಳಿಂದ ಸೋಲಿಸಿ ಕೊನೆಗೂ ಕಪ್ ಗೆದ್ದಿತು, ನಾವೂ ಕುಣಿದೆವು. ಕುಣಿಯುವುದು ನೋಡುವವರ ಕೆಲಸ. ಹೇಳುವವರೂ ಕುಣಿದರೆ ಹೇಳುವವರು ಯಾರು?

ಬೇಸರ ಹುಟ್ಟಿಸುವ ವಿವರಣೆಯ ಉದಾಹರಣೆ ಬೇಕಾದರೆ ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಒಂದೂವರೆ ತಾಸಿನ ದಾರಿಯ ವಿಜಯನಗರಂ ರಾಜಮನೆತನದ ‘ವಿಜ್ಜಿ’ 1936ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದ ನಾಯಕರು, ಆಮೇಲೆ ಕ್ರಿಕೆಟ್ ಮಂಡಳಿಯ ಅಧ್ಯಕ್ಷರು, ವಿಶಾಖಪಟ್ಟಣದಿಂದ ಲೋಕಸಭೆಗೂ ಆರಿಸಿಹೋದವರು. ವಿಶ್ವವಿದ್ಯಾಲಯಗಳ ವಿಜ್ಜಿ ಟ್ರೋಫಿ ಅವರ ಹೆಸರಿನದೇ. ರೇಡಿಯೋದಲ್ಲಿ ಕಾಮೆಂಟರಿಯನ್ನೂ ಹೇಳುತ್ತಿದ್ದರು. ಅವರೊಮ್ಮೆ ತಮ್ಮ ಹುಲಿಬೇಟೆಯ ಪ್ರತಾಪ ಬಣ್ಣಿಸುತ್ತಿದ್ದಾಗ, ವೆಸ್ಟ್ ಇಂಡೀಸಿನ ರೋಹನ್ ಕನ್ಹಾಯ್, ಹುಲಿಗಳ ಪಕ್ಕದಲ್ಲಿ ಟ್ರಾನ್ಸಿಸ್ಟರ್ ಇಟ್ಟು ತಮ್ಮ ಕಾಮೆಂಟರಿ ಕೇಳಿಸಿದರೆ ಸಾಕಲ್ಲ, ಬೇಸರದಿಂದಲೇ ಸಾಯುತ್ತವೆ ಎಂಬರ್ಥದ ಮಾತಾಡಿದರಂತೆ. ನಿಜವೋ ಕಟ್ಟುಕಥೆಯೋ, ಕ್ರಿಕೆಟ್ ಲೋಕದಲ್ಲಿ ಇಂದಿಗೂ ಓಡಾಡುವ ಕಥೆ ಇದು. ರಾಜರಾಗಿದ್ದರೂ, ತಂಡದ ನಾಯಕರಾಗಿದ್ದರೂ ಮಾತು ಕೈಹಿಡಿಯಲಿಲ್ಲ. ಇಂಗ್ಲೆಂಡಿನ ಜಾನ್ ಆರ್ಲಟ್ ಟೆಸ್ಟ್ ಆಡಿದವರಲ್ಲ. ಮೊದಲು ಪೋಲೀಸು, ಆಮೇಲೆ ಕವಿ. ಅವರ ಧ್ವನಿ ಕೇಳಲು ಜನ ಆಟ ಬಿಟ್ಟು ರೇಡಿಯೋ ಹತ್ತಿರ ಕೂರುತ್ತಿದ್ದರು. ಅಂದರೆ ಇದು ಬೇರೆಯೇ ಒಂದು ವಿದ್ಯೆ. ಮೈದಾನದಲ್ಲಿ ಸಂಪಾದಿಸಿದ ಹೆಸರಿನ ಮೇಲೆ ಇದರಲ್ಲಿ ಸಾಲ ಹುಟ್ಟುವುದಿಲ್ಲ.

“ನಮ್ಮವರು ಮೈದಾನಕ್ಕೇ ಹೋಗುವುದಿಲ್ಲ, ಎಲ್ಲೋ ಸ್ಟುಡಿಯೋದಲ್ಲಿ ಪರದೆ ನೋಡಿ ಹೇಳುತ್ತಾರೆ, ಪಾಪ ಏನು ಮಾಡಿಯಾರು?” ಎಂದು ವಾದಿಸುವವರಿದ್ದಾರೆ. 1938ರಲ್ಲಿ ಇಂಗ್ಲೆಂಡಿನಲ್ಲಿ ಆಸ್ಟ್ರೇಲಿಯ ಆಡುತ್ತಿದ್ದಾಗ ಸಿಡ್ನಿಯ ಸ್ಟುಡಿಯೋದಲ್ಲಿ ಕೂತ ಅಲನ್ ಮೆಕ್‌ಗಿಲ್ವ್ರೆ ಮತ್ತು ಸಂಗಡಿಗರಿಗೆ ಪರದೆಯೂ ಇರಲಿಲ್ಲ. ಸಮುದ್ರದಾಚೆಯಿಂದ ಬರುತ್ತಿದ್ದ ತಂತಿ ಸಂದೇಶದ ನಾಲ್ಕು ಅಕ್ಷರ ಓದಿ, ಬ್ಯಾಟಿಗೆ ಚೆಂಡು ತಗುಲಿದ ಸದ್ದಿಗಾಗಿ ಪೆನ್ಸಿಲಿನಿಂದ ಮರದ ತುಂಡಿಗೆ ಬಡಿದು, ಇಡೀ ದೇಶದ ಕಣ್ಣಮುಂದೆ ಆಟ ನಿಲ್ಲಿಸಿದರು. ಒಂದು ಪೆನ್ಸಿಲಿನಲ್ಲಿ ಅವರು ಮಾಡಿದ್ದನ್ನು ಹತ್ತಾರು ಕ್ಯಾಮರಾ ಇಟ್ಟುಕೊಂಡು ನಾವು ಮಾಡಲಾರೆವೆಂದರೆ ಕೊರತೆ ಬೇರೆಲ್ಲೋ ಇದೆ.

ಈಗ ನಗುವವರ ಕಡೆಗೆ ತಿರುಗೋಣ. “ಕನ್ನಡದಲ್ಲಿ ಪದಗಳೇ ಇಲ್ಲ” ಎನ್ನುತ್ತಾರೆ. ಯಾವ ಪದಗಳು ಬೇಕು ಸ್ವಾಮಿ? ಓವರು, ವಿಕೆಟ್ಟು, ಸಿಕ್ಸು, ಪಾಯಿಂಟು, ಕವರು ಇವೆಲ್ಲ ಬಸ್ಸು, ಕಾಫಿಗಳಂತೆ ನಮ್ಮವೇ ಆಗಿಹೋಗಿವೆ. ಅವಕ್ಕೆ ಸಂಸ್ಕೃತದ ಪಂಚೆ ಉಡಿಸಿ ನಿಲ್ಲಿಸಬೇಕೆಂದು ನಾವು ಹೇಳುವವರಲ್ಲ. ಹಾಗೆ ಉಡಿಸಿದಾಗ ಮಕ್ಕಳು ನಕ್ಕರೆ ಅದು ಮಕ್ಕಳ ತಪ್ಪೂ ಅಲ್ಲ. ಕನ್ನಡ ಬೇಕಾಗಿರುವುದು ಕ್ರಿಯಾಪದಗಳಲ್ಲಿ. ಅಲ್ಲಿ ನಮ್ಮ ಕಣಜ ತುಂಬಿ ತುಳುಕುತ್ತಿದೆ. ತಟ್ಟಿದ, ತಳ್ಳಿದ, ಸವರಿದ, ಕೊಯ್ದ, ಬೀಸಿದ, ಬಾರಿಸಿದ, ಒತ್ತಿದ, ಎತ್ತಿದ, ಜಾರಿಸಿದ, ಕೆಣಕಿದ. ಇನ್ನು ಚೆಂಡಿಗೆ ಬಂದರೆ ಪುಟಿಯಿತು, ಕುಸಿಯಿತು, ಹೊರಳಿತು, ನುಸುಳಿತು, ತೆವಳಿತು, ಚಿಮ್ಮಿತು. ಚಿನ್ನಿದಾಂಡು ಆಡಿದ ಯಾವ ಹುಡುಗನಿಗೂ ಇವನ್ನು ನಿಘಂಟಿನಲ್ಲಿ ಹುಡುಕಬೇಕಾಗಿಲ್ಲ. ಇಷ್ಟೆಲ್ಲ ಇಟ್ಟುಕೊಂಡು ಒಂದು ಪಂದ್ಯದಲ್ಲಿ ಮುನ್ನೂರು ಸಲ “ಹೊಡೆದ” ಎಂದರೆ, ಕಣಜದ ಬೀಗದಕೈ ಕಳೆದುಕೊಂಡವನು ಊರಲ್ಲಿ ಬರಗಾಲ ಎಂದು ಸಾರಿದಂತಾಯಿತು.

ಇನ್ನೂ ಒಂದು ಸಂಗತಿ ಇದೆ. ಇದನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲವೆಂದು ನಮಗೆ ಆಶ್ಚರ್ಯ. ಚೆಂಡಾಟ ಹೇಳುವುದಕ್ಕೆ ಕನ್ನಡದ ವಾಕ್ಯರಚನೆ ಇಂಗ್ಲಿಷಿಗಿಂತ ಹೆಚ್ಚು ಅನುಕೂಲವಾದದ್ದು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದುಬಿಡುತ್ತದೆ, ಎಲ್ಲಿಗೆ ಹೇಗೆ ಎಂಬುದು ಬಾಲದಂತೆ ಹಿಂದೆ ಬರುತ್ತದೆ. ಕನ್ನಡದಲ್ಲಿ ಕೊನೆಯ ಕ್ರಿಯಾಪದ ಬರುವ ತನಕ ವಾಕ್ಯ ಕೈಗೆ ಸಿಗುವುದಿಲ್ಲ. ನಡುವೆ ಬಂದು, ನಿಂತು, ಬಾಗಿ, ತಿರುಗಿ ಎಂದು ಒಂದರ ಹಿಂದೊಂದು ಕೊಂಡಿ. ಹೀಗೆ ಹೇಳಿ ನೋಡಿ: “ರಬಾಡ ಓಡಿಬಂದು ಎಸೆದಿದ್ದಾರೆ, ಆಫ್ ಸ್ಟಂಪಿನ ಹೊರಗೆ, ಕೊಂಚ ಗಿಡ್ಡ, ಮಯಂಕ್ ಹಿಂಗಾಲಿಗೆ ಸರಿದು, ಚೆಂಡು ಏಳುವ ತನಕ ಕಾದು, ಪಾಯಿಂಟಿನ ಪಕ್ಕಕ್ಕೆ ಕೊಯ್ದು, ಹುಲ್ಲಿನ ಮೇಲೇ ಉರುಳಿಸಿ, ಹಗ್ಗ ದಾಟಿಸಿದರು.” ಚೆಂಡು ಹಗ್ಗ ಮುಟ್ಟಲು ಎಷ್ಟು ಹೊತ್ತೋ ವಾಕ್ಯ ಮುಗಿಯಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಕೇಳುವವನು ‘ದಾಟಿಸಿದರು’ ಬರುವ ತನಕ ಉಸಿರು ಹಿಡಿದಿರುತ್ತಾನೆ. ನಡುವೆ ಯಾರಾದರೂ ಹಾರಿ ಹಿಡಿದರೆ ಕೊನೆಯ ಪದವೊಂದನ್ನು ಬದಲಾಯಿಸಿದರಾಯಿತು. ಇಂಥ ಭಾಷೆ ಕೈಯಲ್ಲಿದ್ದೂ, ಇಂಗ್ಲಿಷ್ ವಾಕ್ಯವನ್ನು ತಲೆಕೆಳಗಾಗಿ ಹಿಡಿದು “ಮತ್ತು ಆತ ಕಳಿಸಿದ್ದಾನೆ ಅದನ್ನು ಗಾಳಿಯಲ್ಲಿ!” ಎಂದು ಅರಚುವುದನ್ನು ಕೇಳಿದಾಗ ಹೊಟ್ಟೆ ಉರಿಯುತ್ತದೆ.

ಮಾತಿನಿಂದಲೇ ನೋಟ ಕಟ್ಟುವುದು ನಮಗೆ ಹೊಸತೇ? ನಮ್ಮಲ್ಲಿರುವ ಮಂಗಳೂರು, ಉಡುಪಿ ಕಡೆಯ ಬಂಧುಗಳನ್ನು ಕೇಳಿ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ ಮದ್ದಲೆ, ಕೂತಲ್ಲೇ ಕೂತ ಅರ್ಥಧಾರಿಗಳ ಮಾತು. ಅಷ್ಟರಲ್ಲೇ ಕರ್ಣಾರ್ಜುನರ ಕಾಳಗ ರಾತ್ರಿಯಿಡೀ ಕಣ್ಣಿಗೆ ಕಟ್ಟುತ್ತದೆ. ರಥದ ಗಾಲಿ ಹೂತದ್ದನ್ನು ಮಾತಿನಲ್ಲಿ ಕಾಣಿಸಬಲ್ಲ ಜನಕ್ಕೆ ಲೆಗ್ ಬ್ರೇಕ್ ತಿರುಗಿದ್ದನ್ನು ಕಾಣಿಸಲಾಗದೇ? ಮೈಸೂರು ಸೀಮೆಯವರಿಗೆ ದಸರಾ ಜಂಬೂಸವಾರಿಯ ವೀಕ್ಷಕ ವಿವರಣೆ ಗೊತ್ತು. ಬಾನುಲಿಗೆ ‘ಆಕಾಶವಾಣಿ’ ಎಂಬ ಹೆಸರು ಹಚ್ಚಿದ್ದೇ 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ತೆರೆದ ಆ ನಿಲಯ. ಅರಮನೆಯ ಮುಂದೆ ಆನೆ ಹೆಜ್ಜೆಯಿಡುವುದು, 750 ಕಿಲೋ ತೂಕದ ಚಿನ್ನದ ಅಂಬಾರಿ ಅದರ ಬೆನ್ನ ಮೇಲೆ ತೂಗುವುದು, ಹಿಂದೆ ಬರುವ ಸ್ತಬ್ಧಚಿತ್ರ, ವಾದ್ಯಮೇಳ. ಹಳ್ಳಿಯ ಜಗಲಿಯಲ್ಲಿ ಕೂತು ಎಷ್ಟು ಅಜ್ಜಿಯರು ರೇಡಿಯೋದಲ್ಲೇ ದಸರಾ ನೋಡಿಲ್ಲ! ‘ವೀಕ್ಷಕ ವಿವರಣೆ’ ಎಂಬ ಪದವನ್ನೇ ಗಮನಿಸಿ. ವೀಕ್ಷಿಸಿದವನು ವಿವರಿಸಬೇಕು. ಈಗ ವೀಕ್ಷಣೆ ನಮ್ಮ ಪಾಲಿಗೆ, ಕಿರುಚಾಟ ಅವರ ಪಾಲಿಗೆ.

ನೆರೆಯವರನ್ನು ನೋಡಿಯಾದರೂ ಕಲಿಯಬಾರದೇ? ಐವತ್ತು ದಾಟಿದ ತಮಿಳರ ಮುಂದೆ ಅಬ್ದುಲ್ ಜಬ್ಬಾರ್, ರಾಮಮೂರ್ತಿ ಎಂದು ಹೇಳಿ. ಬಂಗಾಳಿಗಳ ಮುಂದೆ ಅಜಯ್ ಬಸು, ಕಮಲ್ ಭಟ್ಟಾಚಾರ್ಯ ಎನ್ನಿ. ಮನೆಯ ನೆಂಟರ ಹೆಸರು ಕೇಳಿದಂತೆ ಮುಖ ಅರಳುತ್ತದೆ. ನಮ್ಮ ಸಂಘದಲ್ಲಿ ಅಂಥ ಒಂದು ಕನ್ನಡದ ಹೆಸರು ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಇಲ್ಲಿಯ ತೆಲುಗರಿಗೆ ವಿಜಯವಾಡ ಆಕಾಶವಾಣಿ 1948ರಿಂದಲೂ, ವಿಶಾಖಪಟ್ಟಣದ ನಿಲಯ 1963ರಿಂದಲೂ ಕಿವಿಗೆಂದೇ ಒಂದು ತೆಲುಗನ್ನು ರೂಢಿಸಿಕೊಟ್ಟಿವೆ. ಟೀವಿಯ ತೆಲುಗು ಕಾಮೆಂಟರಿಯಲ್ಲೂ ಗದ್ದಲ ಕಡಿಮೆಯೇನಿಲ್ಲ. ಆದರೂ ಈ ಊರಿನ ಹುಡುಗ ವೇಣುಗೋಪಾಲ ರಾವ್ ಬಾಯಿ ತೆರೆದರೆ ನಮ್ಮ ಪಕ್ಕದ ಮನೆಯವರು ಟೀವಿಯ ಸದ್ದು ಹೆಚ್ಚಿಸುತ್ತಾರೆ. ನಮ್ಮ ಮಕ್ಕಳೂ ಅಲ್ಲಿ ಹೋಗಿ ಕೂರುತ್ತಾರೆ. ತೆಲುಗು ಕಲಿಯಲಿ, ಸಂತೋಷವೇ. ನಾವು ಉಣ್ಣುವ ನೆಲದ ಭಾಷೆ. ಮನೆಯ ಭಾಷೆ ಮಾತ್ರ ನಗೆಪಾಟಲಾಗುವುದು ಬೇಡ.

ಮರ್ಯಾದೆಯ ಮಾತೂ ಬಂತು, ಹೇಳಿಬಿಡುತ್ತೇವೆ. ಆಟಗಾರನನ್ನು ‘ಬಂದರು’ ಎನ್ನಬೇಕೋ ‘ಬಂದ’ ಎನ್ನಬೇಕೋ ಎಂಬುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ಧಾರವಾಡದ ಕಡೆಯವರಿಗೆ ಒಂದು, ಬೆಂಗಳೂರಿನವರಿಗೆ ಇನ್ನೊಂದು. ಯಾವುದಾದರೂ ಇರಲಿ, ಎಲ್ಲರಿಗೂ ಒಂದೇ ಇರಲಿ. 2025ರ ಅಕ್ಟೋಬರ್ 12ರಂದು ಇಲ್ಲೇ ಮಹಿಳಾ ವಿಶ್ವಕಪ್ಪಿನಲ್ಲಿ ಭಾರತ 330 ಮಾಡಿಯೂ, ಆಸ್ಟ್ರೇಲಿಯದ ಹೀಲಿ 142 ಬಾರಿಸಿ ಪಂದ್ಯ ಕಸಿದುಕೊಂಡರು. ಮೂರು ವಾರಗಳ ನಂತರ, ನವೆಂಬರ್ 2ರಂದು, ನಮ್ಮ ಹುಡುಗಿಯರೇ ವಿಶ್ವಕಪ್ ಎತ್ತಿದರು. ಗಂಡಸರು ಆಡಿದಾಗ ‘ಬಾರಿಸಿದರು’, ಹೆಂಗಸರು ಆಡಿದಾಗ ‘ಹೊಡೆದಳು ಪುಟ್ಟಿ’ ಎನ್ನುವ ಕನ್ನಡವನ್ನು ನಮ್ಮ ಹೆಣ್ಣುಮಕ್ಕಳ ಎದುರಿಗೆ ಹಾಕಲು ನಮಗೆ ನಾಚಿಕೆಯಾಗುತ್ತದೆ.

“ಟೀವಿಯಲ್ಲಿ ಎಲ್ಲ ಕಾಣುತ್ತದಲ್ಲ, ವಿವರ ಯಾಕೆ?” ಎಂಬ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಟೀವಿಗೆ ರೇಡಿಯೋದಷ್ಟು ಮಾತು ಬೇಡ. 2015ರಲ್ಲಿ ತೀರಿಕೊಂಡ ರಿಚಿ ಬೆನೋ ಪರದೆ ತಾನೇ ಹೇಳಿದ್ದನ್ನು ಮತ್ತೆ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಅವರು ಸುಮ್ಮನಿದ್ದಾಗ ಮೈದಾನದ ಸದ್ದು ಕೇಳುತ್ತಿತ್ತು. ಕಾಣುತ್ತದೆಂಬ ಕಾರಣಕ್ಕೆ ಕಡಿಮೆ ಮಾತಾಡಿ ಎಂದರೆ ಒಪ್ಪುತ್ತೇವೆ. ಕಾಣುತ್ತದೆಂಬ ಕಾರಣಕ್ಕೆ ಏನು ಬೇಕಾದರೂ ಕಿರುಚಿ ಎಂಬ ತರ್ಕ ಎಲ್ಲಿಯದು? ಮೇಲಾಗಿ ಎಲ್ಲರಿಗೂ ಕಾಣುತ್ತದೆಂದು ಹೇಳಿದವರು ಯಾರು? ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತ ಕೇಳುವ ನಮ್ಮ ಮನೆಯವರಿದ್ದಾರೆ. ರಾಯರಿದ್ದಾರೆ. ಕಣ್ಣಿಲ್ಲದವರ ಕ್ರಿಕೆಟ್ಟಿನಲ್ಲಿ ಚೆಂಡಿನೊಳಗೆ ಗುಂಡುಗಳಿಟ್ಟಿರುತ್ತಾರೆ, ಆ ಗಲಗಲ ಸದ್ದೇ ಆಟಗಾರರಿಗೆ ದಾರಿ. ಶಿವಮೊಗ್ಗದ ಶೇಖರ್ ನಾಯಕ್ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲೇ ಅಂಧರ ಟಿ-20 ವಿಶ್ವಕಪ್ ಗೆದ್ದಿತು. 2025ರ ನವೆಂಬರಿನಲ್ಲಿ ಕನ್ನಡತಿ ದೀಪಿಕಾ ಟಿ.ಸಿ. ನಾಯಕತ್ವದ ತಂಡ ಕೊಲಂಬೊದಲ್ಲಿ ಅಂಧ ಮಹಿಳೆಯರ ವಿಶ್ವಕಪ್ ಗೆದ್ದಿತು. ವಿಶ್ವಕಪ್ ಗೆದ್ದ ಈ ಕಿವಿಗಳಿಗೆ ನಮ್ಮ ಕನ್ನಡ ಕೊಡುತ್ತಿರುವುದು “ಬೆಂಕಿ ಗುರೂ” ಒಂದನ್ನೇ.

ಕಬಡ್ಡಿಯದೂ ಇದೇ ಕಥೆ. 2025ರ ಆಗಸ್ಟ್ 29ರಂದು ಪ್ರೊ ಕಬಡ್ಡಿಯ ಹನ್ನೆರಡನೆಯ ಆವೃತ್ತಿ ನಮ್ಮೂರಲ್ಲೇ ಶುರುವಾಯಿತು, ಮೊದಲ ದಿನವೇ ಬೆಂಗಳೂರು ಬುಲ್ಸ್ ಅಂಕಣಕ್ಕಿಳಿದರು. ಒಂದು ದಾಳಿಗೆ 30 ಸೆಕೆಂಡು, ಒಂದೇ ಉಸಿರು. ಪಟ್ಟು, ಹಿಡಿತ, ಗೆರೆ, ತೊಡೆತಟ್ಟು ಎಲ್ಲವೂ ಅಚ್ಚಗನ್ನಡವಾಗಿರುವ ಆಟದಲ್ಲೂ ಕನ್ನಡಕ್ಕೆ ತಡಕಾಡಬೇಕೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಕಾಮೆಂಟರಿ ಜೋಡಿಯಲ್ಲಿ ಒಬ್ಬರಾದರೂ ಮಾತನ್ನೇ ಕಸುಬಾಗಿ ಕಲಿತವರಿರಲಿ, ಅವರಿಗೆ ತರಬೇತಿ ಕೊಡಲಿ. ಬೇಸ್‌ಬಾಲ್ ವಿವರಿಸುತ್ತಿದ್ದ ಅಮೆರಿಕದ ರೆಡ್ ಬಾರ್ಬರ್ ಮುಂದೆ ಮೂರು ನಿಮಿಷದ ಮರಳುಗಡಿಯಾರ ಇಟ್ಟುಕೊಂಡು, ಮರಳು ಇಳಿದಾಗಲೆಲ್ಲ ಸ್ಕೋರು ಹೇಳುತ್ತಿದ್ದರು, ಅಂಥ ಶಿಸ್ತಿರಲಿ. 2007ರ ಕಾನೂನಿನ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಲೇಬೇಕು. ಹಾಗಿದ್ದ ಮೇಲೆ ಬೆಂಗಳೂರು, ಧಾರವಾಡ ನಿಲಯಗಳಿಂದ ಚೆಂಡು ಚೆಂಡಿಗೂ ಕನ್ನಡದ ಬಾನುಲಿ ವಿವರಣೆಯೊಂದು ಬರಲಿ. ಈಗ ಆಕಾಶವಾಣಿಯ ಆ್ಯಪಿನಲ್ಲಿ ಕರ್ನಾಟಕದ ನಿಲಯಗಳು ಇಲ್ಲಿಯೂ ಕೇಳುತ್ತವೆ, ವಿಜಯವಾಡದಲ್ಲಿಯೂ ಕೇಳುತ್ತವೆ. ಈ ಸಂಬಂಧ ಆಕಾಶವಾಣಿಗೂ ವಾಹಿನಿಗಳಿಗೂ ಮನವಿ ಸಿದ್ಧವಾಗಿದೆ. ಸಂಘದ ಕಚೇರಿಗೆ ಬಂದು ಸಹಿ ಹಾಕಬೇಕು. ಪಂಕ್ತಿಯಲ್ಲಿ ನಕ್ಕವರು ಮೊದಲು.

ಅವರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ಮನೆಯ ಕಸವನ್ನೂ ತೋರಿಸಬೇಕು. ಕಳೆದ ವರ್ಷ ನಮ್ಮ ಸಂಘದ ಕ್ರೀಡಾದಿನದಲ್ಲಿ ಮೈಕು ಹಿಡಿದವರು ನಾವೇ. ಲಿಂಬೆಹಣ್ಣಿನ ಓಟಕ್ಕೂ ಇಂಗ್ಲಿಷಿನಲ್ಲೇ ‘ರೆಡಿ, ಸ್ಟೆಡಿ’ ಎಂದೆವು. ಸಂಗೀತ ಕುರ್ಚಿಯಲ್ಲಿ ಯಾರು ಔಟಾದರೆಂಬುದನ್ನೂ ಕನ್ನಡದಲ್ಲಿ ಹೇಳಲಿಲ್ಲ. ಈ ಸಂಕ್ರಾಂತಿ ರಜೆಯ ಕ್ರೀಡಾದಿನದಲ್ಲಿ ಹತ್ತರಿಂದ ಹದಿನೈದು ವರ್ಷದ ಮಕ್ಕಳಿಗೆ ವೀಕ್ಷಕ ವಿವರಣೆಯ ಸ್ಪರ್ಧೆ ಇಟ್ಟಿದ್ದೇವೆ. ಟೆನಿಸ್ ಚೆಂಡಿನ ಪಂದ್ಯ, ತಲಾ ಎರಡು ಓವರು, ಕನ್ನಡದಲ್ಲಿ. ರಾಯರು ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ ಬರಲು ಒಪ್ಪಿದ್ದಾರೆ, ಅವರೇ ತೀರ್ಪುಗಾರರು. ಮಕ್ಕಳ ಹೆಸರನ್ನು ಈ ತಿಂಗಳ ಕೊನೆಯೊಳಗೆ ಕೊಡಬೇಕು. ‘ಆ ಕಡೆ’ ಎಂದವರ ಕೈಯಿಂದ ಮೈಕು ಕಿತ್ತುಕೊಳ್ಳುವ ಅಧಿಕಾರವನ್ನು ರಾಯರಿಗೆ ಕೊಟ್ಟಿದ್ದೇವೆ.